ಮೊಣಕಾಲು ಸೀರೀಸ್ – 3: ಸ್ಕ್ಯಾನಾ, ಕೀಹೋಲಾ?

“ಎಕ್ಸ್‌ರೇ ನಾರ್ಮಲ್ ಐತೆ, ಆಡು ಹೋಗು.” ಕಬಡ್ಡಿ ಆಡೋ ನಮ್ಮ ಹುಡುಗರಲ್ಲಿ ಈ ಮಾತು ಕೇಳದವರು ಯಾರಿದ್ದಾರೆ ಹೇಳ್ರಿ? ಎಕ್ಸ್‌ರೇ ಮುಖ್ಯವಾಗಿ ತೋರಿಸೋದು ಎಲುಬನ್ನ. ಎಲುಬುಗಳನ್ನ ಹಿಡಿದಿಡೋ ಎಸಿಎಲ್ ಲಿಗಮೆಂಟು, ನಡುವೆ ಗಾದಿ ತರ ಇರೋ ಮೆನಿಸ್ಕಸ್ಸು ಹರಿದ್ರೆ ಅದರಲ್ಲಿ ಕಾಣಲ್ಲ.

ಅದನ್ನ ನೋಡೋಕೆ ಎರಡು ದಾರಿ.

🔹 ಎಂಆರ್‌ಐ: ದೊಡ್ಡ ಅಯಸ್ಕಾಂತದ ಯಂತ್ರ. ರೇಡಿಯೇಷನ್ ಇಲ್ಲ, ಕೊಯ್ಯೋದಿಲ್ಲ. ಸುಮಾರು ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಮೈಯಲ್ಲಿ ಪೇಸ್‌ಮೇಕರ್, ಲೋಹ ಏನಾದ್ರೂ ಇದ್ರೆ ಮೊದಲೇ ಹೇಳಬೇಕು.

🔹 ಆರ್ತ್ರೋಸ್ಕೋಪಿ, ಅಂದ್ರೆ ಕೀಹೋಲ್ ಸರ್ಜರಿ: ಸಣ್ಣ ತೂತು ಮಾಡಿ, ಸುಮಾರು 4 ಮಿ.ಮೀ. ದಪ್ಪದ ಕ್ಯಾಮೆರಾ ಒಳಗೆ ಬಿಟ್ಟು ನೇರವಾಗಿ ನೋಡ್ತಾರೆ. 1918ರಲ್ಲಿ ಟೋಕಿಯೋದ ಡಾಕ್ಟರ್ ಕೆಂಜಿ ತಕಾಗಿ, ಮೂತ್ರಕೋಶ ನೋಡೋ ನಳಿಕೆಯನ್ನ ಶವದ ಮೊಣಕಾಲಿಗೆ ಹಾಕಿ ನೋಡಿದ್ರು. ಎಂಆರ್‌ಐ ಬರೋ ಮುಂಚೆ ಇದೇ ಖಚಿತ ದಾರಿ ಆಗಿತ್ತು. ಆದ್ರೆ ಅನಸ್ತೇಷಿಯಾ ಬೇಕು. ಸೋಂಕು, ರಕ್ತ ಹೆಪ್ಪುಗಟ್ಟೋ ಅಪಾಯ ಕಡಿಮೆ ಇದ್ರೂ ಇದ್ದೇ ಇದೆ.

ಸಿರುಗುಪ್ಪದ ನಮ್ಮ ಚಿಕ್ಕಪ್ಪನ ಮಗನಿಗೆ ಗದ್ದೆ ಬದುವಿನ ಮೇಲೆ ನಡೆದ್ರೂ ಮೊಣಕಾಲು ಜಾರಿದಂಗೆ ಆಗ್ತಿತ್ತು. “ಎಣ್ಣೆ ಹಚ್ಚಿ ಕಟ್ಟು ಕಟ್ಟಿಸ್ರಿ” ಅಂತ ಕುರುಗೋಡಿನ ಅತ್ತೆ. “ಸ್ಕ್ಯಾನ್‌ಗೆ ಯಾಕೆ ದುಡ್ಡು, ನೇರ ಕ್ಯಾಮೆರಾನೇ ಹಾಕಿಸೋಣ” ಅಂತ ಚಿಕ್ಕಪ್ಪ. ಬಳ್ಳಾರಿಯ ಡಾಕ್ಟರು ಮೊದಲು ಕೈಯಲ್ಲೇ ಮೊಣಕಾಲು ಹಿಡಿದು, ಕೆಳಗಿನ ಎಲುಬನ್ನ ಮುಂದಕ್ಕೆ ಎಳೆದು ನೋಡಿದ್ರು. ಆಮೇಲೆ ಎಂಆರ್‌ಐ. ಎಸಿಎಲ್ ಹರಿದಿತ್ತು.

ನಂಗೆ ಅರ್ಥ ಆಗಿದ್ದು ಇಷ್ಟು: ಬರೀ ನೋಡೋಕೆ ಅಂತ ಕೊಯ್ಯೋ ಕಾಲ ಬಹುತೇಕ ಮುಗೀತು. ಸ್ಕ್ಯಾನ್ ನೋಡೋಕೆ, ಕೀಹೋಲ್ ರಿಪೇರಿಗೆ. ಕುಸ್ತಿಯ ವಿನೇಶ್ ಫೋಗಾಟ್‌ಗೂ 2023ರ ಆಗಸ್ಟ್‌ನಲ್ಲಿ ಎಡ ಮೊಣಕಾಲಿಗೆ ಪೆಟ್ಟಾದಾಗ ಮೊದಲು ಸ್ಕ್ಯಾನ್, ಆಮೇಲೆ ಮುಂಬೈನಲ್ಲಿ ಸರ್ಜರಿ. ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ವರೆಗೂ ಗೆದ್ದು ಬಂದ್ರು.

ಹಾಗಂತ ಸ್ಕ್ಯಾನೇ ದೇವರಲ್ಲ. ಸಣ್ಣ ಸವೆತ ತಪ್ಪಿಸಿಕೊಳ್ಳಬಹುದು. ವಯಸ್ಸಾದವರಿಗೆ ನೋವೇ ಇಲ್ಲದಿದ್ರೂ ಮೆನಿಸ್ಕಸ್ ಹರಿದಂಗೆ ಕಾಣಬಹುದು. ರಿಪೋರ್ಟನ್ನ ಮೊಣಕಾಲಿನ ಜೊತೆ ಇಟ್ಟು ಓದೋ ಡಾಕ್ಟರ್ ಬೇಕು, ವಾಟ್ಸಾಪ್ ಗ್ರೂಪ್ ಅಲ್ಲ.

ಬಿದ್ದಾಗ “ಟಪ್” ಅಂದು, ಕೆಲವೇ ಗಂಟೆಯಲ್ಲಿ ಊದಿದ್ರೆ ಆಟ ನಿಲ್ಲಿಸಿ ಎಲುಬಿನ ಡಾಕ್ಟರ್ ಹತ್ರ ಹೋಗ್ರಿ. ಕಾಲು ಮಡಚಿದಲ್ಲೇ ಸಿಕ್ಕಿ, ನೇರ ಆಗದಿದ್ರೆ ಅವತ್ತೇ ಹೋಗ್ರಿ. ಟೂರ್ನಮೆಂಟ್ ಮುಂದಿನ ವರ್ಷಾನೂ ಬರ್ತದೆ.

ನಿಮ್ಮ ಟೀಮಿನ ಕುಂಟ್ತಿರೋ ರೈಡರ್‌ನ ಟ್ಯಾಗ್ ಮಾಡ್ರಿ 👇

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಕಬಡ್ಡಿ