ಅಜ್ಜಿಯ ಮಂಚದ ಕಾಲು, ಮೊಮ್ಮಗನ ಗಿಟಾರು!

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊರಟ ಕೆಂಪು ಬಸ್ಸು ತಡಸ ದಾಟಿದ ಮೇಲೆ ಗೊಟಗೋಡಿ ಬರುತ್ತದೆ. ಅಭಿಮಾನಿಗಳೇ, ಆ ಕಡೆ ಹೋದರೆ ಉತ್ಸವ ರಾಕ್ ಗಾರ್ಡನ್ ಮಾತ್ರ ಬಿಡಬೇಡಿ. ನಮ್ಮ ಅಣ್ಣಾವ್ರು ಮಾಡಿದ ಪಾತ್ರಗಳು ಅಲ್ಲಿ ಆಳೆತ್ತರದ ಗೊಂಬೆಗಳಾಗಿ ನಿಂತಿವೆ. ನನಗೂ ಇಳಿಯುವ ಆಸೆ ಇತ್ತು. ಆದರೆ ಆವತ್ತು ನಾನು ನೋಡಬೇಕಿದ್ದ ಗೊಂಬೆಯೇ ಬೇರೆ. ಆರು ತಂತಿಯದು!

ಶಿಗ್ಗಾಂವಿಯಲ್ಲಿ ಇಳಿದು, ಒಂದು ಚಾ ಕುಡಿದು, ಹಿರೇಬೆಂಡಿಗೇರಿ ಬಸ್ಸು ಹತ್ತಿದೆ. ಸಿನಿಮಾ ಪತ್ರಿಕೆಯವನಿಗೆ ಆ ಊರಲ್ಲೇನು ಕೆಲಸ ಅಂತೀರಾ? ಶೂಟಿಂಗ್ ಇಲ್ಲ, ತಾರೆಯರಿಲ್ಲ, ಮುಹೂರ್ತವಂತೂ ಇಲ್ಲವೇ ಇಲ್ಲ. ಬಡಿಗೇರ ಮನೆಯ ಹುಡುಗನೊಬ್ಬ ಮನೆಯಲ್ಲೇ ಇಲೆಕ್ಟ್ರಿಕ್ ಗಿಟಾರು ಕಟ್ಟುತ್ತಿದ್ದಾನೆ ಎಂದು ಹುಬ್ಬಳ್ಳಿಯ ಆರ್ಕೆಸ್ಟ್ರಾದ ಗೆಳೆಯನೊಬ್ಬ ಸುದ್ದಿ ಕೊಟ್ಟಿದ್ದ. ಬಿಟ್ಟರೆ ಸಿಕ್ಕೀತೇ?

ಮನೆ ಮುಂದೆ ಚಕ್ಕಡಿಯ ಗಾಲಿ, ಮುರಿದ ಕುಂಟೆ. ಪಡಸಾಲೆಯ ತುಂಬ ಜಾಲಿ ಚಕ್ಕೆ. ಹುಡುಗನಿಗೆ ಇಪ್ಪತ್ತೆರಡಿರಬೇಕು. ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾವೂರಪ್ಪಾ ತಮ್ಮಾ? ಇವನ ಗಿಟಾರ ನೋಡಾಕ ಬಂದೀಯೇನು? ಕುಂದ್ರು, ಚಾ ಕುಡಿ. ಅದು ಎಲ್ಲೂ ಓಡಿ ಹೋಗಂಗಿಲ್ಲ, ನನ್ನ ಮಂಚದ ಕಾಲು ಐತಿ ಅದರಾಗ’ ಅಂದಳು.

ಮಂಚದ ಕಾಲು? ಕಥೆ ಅಲ್ಲೇ ಇತ್ತು ನೋಡಿ!

ಹುಡುಗನ ಅಪ್ಪ ಶಂಕರನಾಗ್ ಭಕ್ತ. 1981ರ ‘ಗೀತಾ’ ಚಿತ್ರದಲ್ಲಿ ಗಿಟಾರು ಹಿಡಿದು ನಿಂತ ಶಂಕ್ರಣ್ಣನನ್ನು ಕಂಡವರು ಇವತ್ತಿಗೂ ಆ ಭಂಗಿ ಮರೆತಿಲ್ಲ. ಆ ಚಿತ್ರಕ್ಕೆ ಸಂಗೀತ ಇಳಯರಾಜ. ಆತ ಒಂದು ಕಾಲಕ್ಕೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು, ಸ್ವತಃ ಗಿಟಾರಿಸ್ಟು. ತಂತಿಗೆ ಅಷ್ಟು ಜೀವ ಸುಮ್ಮನೆ ಬಂದದ್ದಲ್ಲ. ಶಂಕ್ರಣ್ಣನನ್ನು ನಾವು ಕಳೆದುಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ಶಿಗ್ಗಾಂವಿಗೆ ನನ್ನನ್ನು ತಂದು ಬಿಟ್ಟದ್ದೂ ಇದೇ ಹೆದ್ದಾರಿ. ಇರಲಿ. ಅಪ್ಪನ ಹುಚ್ಚು ಮಗನಿಗೆ ಹತ್ತಿತು. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಕಲ್ಕತ್ತೆಯ ಗಿವ್ಸನ್ ಗಿಟಾರು ಮುಟ್ಟಿ ನೋಡಿದ. ಕೊಳ್ಳಲು ದುಡ್ಡಿಲ್ಲ. ‘ಅಪ್ಪ ಗಾಲಿ ಮಾಡ್ತಾನ, ನಾ ಗಿಟಾರ ಮಾಡಾಕ ಬರಂಗಿಲ್ಲೇನ್ರೀ?’

ಮನೆಯಲ್ಲಿ ಗಿಟಾರು ಮಾಡಿದವರು ಇದ್ದಾರೆಯೇ? ಇದ್ದಾರೆ ಸ್ವಾಮಿ! ಲಂಡನ್ನಿನ ಬ್ರಯಾನ್ ಮೇ. 1963ರಲ್ಲಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ, ಅಪ್ಪನ ಜತೆ ಕೂತು ಶುರು ಮಾಡಿದ. ಹಳೆಯ ಬೆಂಕಿಗೂಡಿನ ಮೇಲಿನ ಮಹಾಗನಿ ಹಲಗೆ ಗಿಟಾರಿನ ಕತ್ತಾಯಿತು. ಮೈಗೆ ಹಳೆ ಟೇಬಲ್ಲಿನ ಓಕ್ ತುಂಡು. ಸ್ಪ್ರಿಂಗು ಹಳೆ ಮೋಟಾರ್ ಸೈಕಲ್ಲಿನದು. ಗುರುತಿನ ಚುಕ್ಕೆಗಳು ಅಮ್ಮನ ಡಬ್ಬಿಯ ಮುತ್ತಿನ ಗುಂಡಿಗಳು! ‘ಕ್ವೀನ್’ ತಂಡದ ಜತೆ ಜಗತ್ತು ಸುತ್ತಿ ಬಾರಿಸಿದ್ದು ಅದೇ ಗಿಟಾರನ್ನು. ಆ ತಂಡದ ಹಾಡುಗಾರ ಫ್ರೆಡಿ ಮರ್ಕ್ಯುರಿ ಓದಿದ್ದು ಎಲ್ಲಿ ಗೊತ್ತೇ? ಸಾತಾರಾ ಜಿಲ್ಲೆಯ ಪಂಚಗಣಿಯಲ್ಲಿ. ಶಿಗ್ಗಾಂವಿ, ಹುಬ್ಬಳ್ಳಿ, ಬೆಳಗಾವಿ, ಸಾತಾರಾ... ಅದೂ ಇದೇ ಹೆದ್ದಾರಿ ಹಿಡಿದು ಹೋಗುವ ದಾರಿ! 2018ರಲ್ಲಿ ‘ಬೊಹೀಮಿಯನ್ ರಾಪ್ಸೊಡಿ’ ಚಿತ್ರ ಬಂದಾಗ ನಮ್ಮ ಹುಡುಗ ಅದನ್ನು ಮೊಬೈಲಿನಲ್ಲಿ ಮೂರು ಸಲ ನೋಡಿದನಂತೆ. ಕಥೆಗಲ್ಲ, ಗಿಟಾರಿಗೆ.

ಮುಂದಿನ ವರ್ಷವೇ ಮಳೆ. 2019ರ ಆಗಸ್ಟು ನೆನಪಿದೆಯಲ್ಲ? ಉತ್ತರ ಕರ್ನಾಟಕದಲ್ಲಿ ಮಣ್ಣಿನ ಗೋಡೆಗಳು ಸಾಲು ಸಾಲಾಗಿ ಕೂತುಬಿಟ್ಟವು. ಇವರ ಹಿಂದಿನ ಕೋಣೆಯೂ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಜ್ಜಿಯ ಮದುವೆ ಕಾಲದ ಮಂಚ ಗೋಡೆಯ ಕೆಳಗೆ ಸಿಕ್ಕಿ ಚೂರಾಯಿತು. ಉಳಿದದ್ದು ನಾಲ್ಕು ಕಾಲು. ಕಪ್ಪು ನೇರಳೆ ಗೆರೆಯ, ಕಲ್ಲಿನಂತಹ ಬೀಟೆ!

ಈಗ ಬೀಟೆಯ ವಿಷಯ ಸ್ವಲ್ಪ ಕೇಳಿ. ನಮ್ಮ ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡು ಶುರುವಾಗುತ್ತದಲ್ಲ, ಆ ಘಟ್ಟದ ಸಾಲಿನ ಮರ ಅದು. ಅಮೆರಿಕದಲ್ಲಿ ಅದಕ್ಕೆ ಇಂಡಿಯನ್ ರೋಸ್‌ವುಡ್ ಎಂದು ಹೆಸರು, ದೂರದೇಶದ ಅಪರೂಪದ ಮರ ಎಂದು ಬೆಲೆ. ಮೊದಲು ಅವರು ಬ್ರೆಜಿಲ್ಲಿನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಗೆ ತಿರುಗಿತು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗಾಗಿ ಫೆಂಡರ್ ಕಂಪನಿ ಪೂರ್ತಿ ರೋಸ್‌ವುಡ್ಡಿನದೇ ಒಂದು ಗಿಟಾರು ಮಾಡಿಕೊಟ್ಟಿತ್ತು. 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆ ಮೇಲೆ ಬೀಟಲ್ಸ್ ಬಾರಿಸಿದರಲ್ಲ, ಆ ದಿನ ಅವನ ಕೊರಳಲ್ಲಿದ್ದದ್ದು ಅದೇ.

ಜಗಳವೂ ಆಗಿದೆ. 2011ರ ಆಗಸ್ಟಿನಲ್ಲಿ ಅಮೆರಿಕದ ವನ್ಯಜೀವಿ ಅಧಿಕಾರಿಗಳು ಗಿಬ್ಸನ್ ಗಿಟಾರು ಕಾರ್ಖಾನೆಗಳ ಮೇಲೆ ದಾಳಿ ಮಾಡಿದರು, ಸಿನಿಮಾದ ಹಾಗೆ! ಹಿಡಿದದ್ದು ಚಿನ್ನವಲ್ಲ, ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಪಟ್ಟಿಗಳು. ಮರುವರ್ಷ ರಾಜಿಯಾಯಿತು. ಮಡಗಾಸ್ಕರಿನ ಕರಿಮರದ ಹಳೆ ಪ್ರಕರಣವೂ ಸೇರಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ಅವರಿಗೇ ವಾಪಸಾಯಿತು. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳೆಲ್ಲ ದೇಶ ದಾಟಲು ಅಂತರರಾಷ್ಟ್ರೀಯ ಕಾಗದ ಬೇಕಾಯಿತು. 2019ರ ಕೊನೆಗೆ ಪೂರ್ತಿ ತಯಾರಾದ ವಾದ್ಯಗಳಿಗೆ ಅದರಿಂದ ಬಿಡುಗಡೆ ಸಿಕ್ಕಿತು. ನಮ್ಮಲ್ಲೋ, ಸ್ವಂತ ಹೊಲದ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಗಿಟಾರಿನ ಹುಚ್ಚಿಗೆ ಯಾರಾದರೂ ಕೊಡಲಿ ಹಿಡಿದು ಕಾಡಿಗೆ ನಡೆದೀರಿ, ಹುಷಾರ್! ಇರುವ ಮರಗಳೇ ಕಡಿಮೆಯಾಗುತ್ತಿವೆ.

ಹಾಗಾಗಿ ಹುಡುಗನಿಗೆ ದಾರಿ ಒಂದೇ. ಅಜ್ಜಿ.

‘ಕೇಳಿದ ದಿನ ಏನಂದಿ ಅಜ್ಜಿ?’ ಅಂತ ನಾನು ಕೇಳಿದೆ.

‘ಏನನ್ಲಿ? ಇವರಪ್ಪ ಹುಟ್ಟಿದ್ದು ಅದರ ಮ್ಯಾಲ. ಇವನ ಮುತ್ಯಾ ಜೀವ ಬಿಟ್ಟಿದ್ದೂ ಅದರ ಮ್ಯಾಲ. ಒಲೀಗೆ ಹಾಕ್ತೀನಿ, ನಿನಗ ಕೊಡಂಗಿಲ್ಲ ಅಂದೆ.’

ಮೂರು ತಿಂಗಳು ಮಾತೇ ಇಲ್ಲ. ಹುಡುಗ ಬಿದ್ದ ಕೋಣೆಯ ಸಾಗವಾನಿ ತೊಲೆಯಿಂದ ಗಿಟಾರಿನ ಮೈ ಮತ್ತು ಕತ್ತು ಕೊಯ್ದ. ಎಷ್ಟೋ ವರ್ಷ ಒಣಗಿದ ಮರ, ಇನ್ನು ಸೊಟ್ಟಗಾಗುವ ಭಯವಿಲ್ಲ. ಬಾಚಿ, ಉಳಿ, ರಂದಾ ಎಲ್ಲ ಅಪ್ಪನವೇ. ಬೆರಳು ಓಡುವ ಪಟ್ಟಿಗೂ ಮೊದಲು ಸಾಗವಾನಿಯನ್ನೇ ಹಾಕಿದ. ಕೆಟ್ಟಿತು!

ಕೆಟ್ಟದ್ದು ಮರದಿಂದಲ್ಲ, ಲೆಕ್ಕದಿಂದ. ಸಿತಾರಿನ ಮೆಟ್ಟಿಲುಗಳನ್ನು ದಾರದಿಂದ ಬಿಗಿದಿರುತ್ತಾರೆ, ಸ್ವರ ತಪ್ಪಿದರೆ ಸರಿಸಬಹುದು. ಮಿರಜಿನ ಸಿತಾರು ಮಾಡುವವರನ್ನು ಕೇಳಿ, ಹೇಳುತ್ತಾರೆ. ಗಿಟಾರಿನ ಫ್ರೆಟ್ಟು ಹಾಗಲ್ಲ, ಗಾಡಿ ಕೊಯ್ದು ಬಡಿದರೆ ಮುಗಿಯಿತು. ತಂತಿಯ ಉದ್ದ 648 ಮಿಲಿಮೀಟರು ಅಂತಿಟ್ಟುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ, ಸುಮಾರು 36.4. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು. ಹೀಗೆ ಹೋಗಿ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲಬೇಕು. ನಮ್ಮ ಹುಡುಗ ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಟೇಪು ಹಿಡಿಯುತ್ತ ಹೋದ. ಒಂದೊಂದರಲ್ಲಿ ಕೂದಲೆಳೆಯಷ್ಟು ತಪ್ಪು ಸೇರಿ ಹನ್ನೆರಡನೆಯದಕ್ಕೆ ಬರುವಾಗ 3 ಮಿಲಿಮೀಟರು ಆಚೆ! ‘ಬಾರಿಸಿದ್ರ ನಾಯಿ ಊಳಿಟ್ಟಂಗ ಆತ್ರಿ’ ಎಂದು ನಕ್ಕ. ಎಲ್ಲ ಅಳತೆಯನ್ನೂ ಪಟ್ಟಿಯ ತಲೆಯಿಂದಲೇ ಹಿಡಿಯಬೇಕು. ಇದು ಅವನು ಕಲಿತದ್ದು. ನೀವು ಪುಕ್ಕಟೆ ಕಲಿತಿರಿ.

ಪಿಕಪ್ಪಿನದು ಇನ್ನೊಂದು ಗೋಳು. ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು! ಪಂಪ್‌ಸೆಟ್ ಮೋಟರು ವೈಂಡಿಂಗ್ ಮಾಡುವವರ ಬಳಿ ಅಷ್ಟು ಸಣ್ಣ ತಂತಿ ಇರುವುದಿಲ್ಲ, ಬೆಂಗಳೂರಿನಿಂದ ತರಿಸಿದ. ಪಕ್ಕದ ಮನೆಯ ಹೊಲಿಗೆ ಮಿಶಿನ್ನಿಗೆ ಕಟ್ಟಿ ಸುತ್ತಿದ. ಐದು ಸಾವಿರಕ್ಕೆ ಒಮ್ಮೆ ಕಡಿಯಿತು, ಆರು ಸಾವಿರಕ್ಕೆ ಒಮ್ಮೆ. ಮೂರನೆಯದು ಉಳಿಯಿತು. ಬ್ರಯಾನ್ ಮೇ ಕೂಡ ತಾನೇ ಸುತ್ತಿದ ಪಿಕಪ್ಪು ಹಿಡಿಸದೆ ಕೊನೆಗೆ ಅಂಗಡಿಯದು ಹಾಕಿದವನು. ಆ ಲೆಕ್ಕದಲ್ಲಿ ಬೆಂಡಿಗೇರಿ ಲಂಡನ್ನಿಗಿಂತ ಒಂದು ಕೈ ಮೇಲೆ!

ಇಷ್ಟಾದ ಮೇಲೂ ಪಟ್ಟಿ ಇಲ್ಲ. ಒಂದು ಸಂಜೆ ಅಜ್ಜಿಯೇ ಕರೆದಳಂತೆ.

‘ಇದರಾಗ ಶರೀಫಜ್ಜನ ಪದ ಬರ್ತೈತೇನಲೇ?’

‘ಬರ್ತೈತಬೇ ಅಜ್ಜಿ.’

‘ಸುಳ್ಳ ಹೇಳಬ್ಯಾಡ.’

‘ಕಲೀತೀನಿ.’

ಇದೇ ತಾಲೂಕಿನ ಶಿಶುನಾಳದವರಲ್ಲವೇ ಶರೀಫರು? 1990ರಲ್ಲಿ ನಾಗಾಭರಣ ಅವರ ಚಿತ್ರದಲ್ಲಿ ಶ್ರೀಧರ್ ಶರೀಫರಾದರು, ಸಿ. ಅಶ್ವಥ್ ಸಂಗೀತ ಕೊಟ್ಟರು. ಆದರೆ ಈ ಕಡೆಯವರಿಗೆ ಆ ಪದಗಳು ಸಿನಿಮಾಕ್ಕಿಂತ ಮೊದಲೇ ಭಜನೆಯಲ್ಲಿದ್ದವು. ಅಜ್ಜಿ ಎದ್ದು ಹೋಗಿ ಒಂದು ಕಾಲು ತಂದು ಮುಂದಿಟ್ಟಳು. ಬಿರುಕು ಬಿಟ್ಟದ್ದನ್ನೇ ಆರಿಸಿದ್ದಳು. ಜಾಣೆ!

ಆ ಬಿರುಕು ತಪ್ಪಿಸಿ, 6 ಮಿಲಿಮೀಟರು ದಪ್ಪದ ಒಂದೇ ಪಟ್ಟಿ ಸಿಕ್ಕಿತು. ಎರಡನೆಯದಕ್ಕೆ ಜಾಗವಿಲ್ಲ, ತಪ್ಪಿದರೆ ಮುಗಿಯಿತು. ಗರಗಸ ಅಪ್ಪನೇ ಹಿಡಿದ. ಕೊಯ್ಯುವಾಗ ಮನೆಯೆಲ್ಲ ಗುಲಾಬಿಯ ಘಮಘಮ, ಹುಡುಗನ ಮೈಯೆಲ್ಲ ತುರಿಕೆ. ಬೀಟೆಯ ಪುಡಿ ಕೆಲವರ ಮೈಗೆ ಒಗ್ಗುವುದಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಬೀಟೆ ಹಾಕಿದ್ದಕ್ಕೆ ನಾದ ಹೆಚ್ಚಿತೇ? ನಿಜ ಹೇಳಲೇ? ಇಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ಪು ಹಿಡಿಯುವುದು ಉಕ್ಕಿನ ತಂತಿಯ ನಡುಕವನ್ನು. ಮರದಿಂದ ನಾದ ಎಷ್ಟು ಬದಲಾಗುತ್ತದೆ ಎನ್ನುವ ವಾದ ಜಗತ್ತಿನಲ್ಲಿ ಇನ್ನೂ ಮುಗಿದಿಲ್ಲ. ನನ್ನ ಕಿವಿಗಂತೂ ಸಾಗವಾನಿಗೂ ಬೀಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೀಟೆ ಸವೆಯುವುದಿಲ್ಲ, ಬೆರಳಿಗೆ ನುಣುಪು, ಅಷ್ಟು ಸಾಕು. ಹುಡುಗನ ಮುಂದೆ ಇದನ್ನು ಹೇಳಿದೆ. ಅವನಿಗೆ ಸಿಟ್ಟು ಬಂತು!

ಸಂಜೆ ಭಜನೆಯವರು ಬಂದರು. ಪೇಟಿ, ತಬಲಾ, ತಾಳ, ಏಕತಾರಿ. ಮೂಲೆಯಲ್ಲಿ ಗಿಟಾರು, ಹಳೆ ಆಂಪ್ಲಿಫೈಯರು. ಎರಡು ಪದ ಚೆನ್ನಾಗಿಯೇ ಹೋಯಿತು. ಮೂರನೆಯದರ ನಡುವೆ ಪಟ್ಟನೆ ಕರೆಂಟು ಹೋಯಿತು. ಕತ್ತಲಲ್ಲಿ ಏಕತಾರಿ ತನ್ನ ಪಾಡಿಗೆ ನಡೆದೇ ಇತ್ತು. ಗಿಟಾರಿನಿಂದ ಸೊಳ್ಳೆ ಹಾಡಿದಷ್ಟು ಸದ್ದು. ಯಾರೂ ನಿಲ್ಲಿಸಲಿಲ್ಲ, ಹುಡುಗನೂ ನಿಲ್ಲಿಸಲಿಲ್ಲ. ಪದ ಮುಗಿಯುವವರೆಗೆ ಬಾರಿಸಿದ.

ಹೊರಡುವಾಗ ಅವನು ನನ್ನ ಕಿವಿಯಲ್ಲಿ, ‘ಇನ್ನ ಮೂರು ಕಾಲು ಅದಾವ್ರಿ, ಮೂರೂ ಗಟ್ಟಿ’ ಅಂದ. ಅಜ್ಜಿಗೆ ಕೇಳಿಸಿತೋ ಏನೋ. ತಿರುಗಿ ನೋಡಿದರೆ ಆ ಮೂರನ್ನೂ ತಾನು ಮಲಗುವ ಹೊರಸಿನ ಕೆಳಗೆ ದೂಡುತ್ತಿದ್ದಳು.