ಎಸ್.ಎಸ್.ಎಲ್.ಸಿ.ಯ ಆಚೆಯ ದಾರಿಗಳು

ವಿದ್ಯೆಗೆ ಬೆಲೆ ಕಟ್ಟಲಾಗದು ಎಂಬುದು ಹಳೆಯ ಮಾತು. ಆದರೆ ವಿದ್ಯಾರ್ಥಿಯ ಕೈಸೇರುವ ಪ್ರಮಾಣಪತ್ರಕ್ಕೆ ಲೋಕವು ಬೆಲೆ ಕಟ್ಟದೆ ಬಿಡುವುದಿಲ್ಲ. ಆ ಲೆಕ್ಕ ತಿಳಿಯದೆ ಎಷ್ಟೋ ಮಕ್ಕಳು ಅಮೂಲ್ಯ ವರ್ಷಗಳನ್ನು ಕಳೆದುಕೊಂಡಿದ್ದಾರೆ.

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನ ರೈತರೊಬ್ಬರು ಕಿರಿಯ ಮಗನೊಡನೆ ಗಣಿತದ ಉಪಾಧ್ಯಾಯರ ಬಳಿಗೆ ಬಂದರು. ಹುಡುಗನ ಅಂಕಗಳು ಸಾಧಾರಣ. ಆದರೆ ಪಂಪ್‌ಸೆಟ್ಟಿನ ಮೋಟಾರನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ಪಳಗಿತ್ತು. ಐ.ಟಿ.ಐ. ಸೇರುವೆನೆಂದು ಹಟ ಹಿಡಿದಿದ್ದ.

“ಐ.ಟಿ.ಐ. ಅಂದ್ರ ಮುಂದಿನ ದಾರಿ ಮುಚ್ಚಿದಂಗ ಅಂತಾರ್ರೀ ಸರ. ಸೈನ್ಸ್ ತೊಗೊ ಅಂತ ನೀವರ ಬುದ್ಧಿ ಹೇಳ್ರಿ.”

ಉಪಾಧ್ಯಾಯರು ಕೂಡಲೆ ಉತ್ತರಿಸಲಿಲ್ಲ. ಆರು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಇದೇ ರೈತರ ಹಿರಿಯ ಮಗನಿಗೆ ವಿಜ್ಞಾನವನ್ನೇ ಆರಿಸಿಕೊಳ್ಳೆಂದು ಒತ್ತಾಯಿಸಿದವರು ಅವರೇ. ಆ ಹುಡುಗ ಪಿ.ಯು.ಸಿ.ಯಲ್ಲಿ ಎರಡು ಸಲ ಅನುತ್ತೀರ್ಣನಾಗಿ ಓದನ್ನೇ ಬಿಟ್ಟಿದ್ದ. ಬೇರೆ ದಾರಿಗಳಿರುವುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ; ತಿಳಿಸಬೇಕಾಗಿದ್ದವರಿಗೇ ಅವು ಸರಿಯಾಗಿ ತಿಳಿದಿರಲಿಲ್ಲ.

ಈ ಸಲ ಅವರು ಕಾಗದದ ಮೇಲೆ ಮೂರು ಗೆರೆಗಳನ್ನೆಳೆದರು. ಮೊದಲನೆಯದು ಎರಡು ವರ್ಷದ ಪಿ.ಯು.ಸಿ., ಅಲ್ಲಿಂದ ಪದವಿ. ಎರಡನೆಯದು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ. ಮೂರನೆಯದು ಐ.ಟಿ.ಐ.: ವೆಲ್ಡರ್ ತರಬೇತಿಗೆ ಒಂದು ವರ್ಷ, ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ತರಬೇತಿಗೆ ಎರಡು ವರ್ಷ. ಅಖಿಲ ಭಾರತ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ದೊರೆಯುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯುಂಟು. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತಲೇ ಕಲಿಕೆಯನ್ನು ಮುಂದುವರಿಸಬಹುದು.

ಅನಂತರ ಅವರು ಗೆರೆಗಳನ್ನು ಒಂದಕ್ಕೊಂದು ಕೂಡಿಸಿದರು. ಎರಡು ವರ್ಷದ ಐ.ಟಿ.ಐ. ಮುಗಿಸಿದವನಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಡಿಪ್ಲೊಮಾ ಪಡೆದವನು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ದಾರಿ ಸುಗಮವೆಂದು ಅವರು ಹೇಳಲಿಲ್ಲ. ಸ್ಥಾನಗಳು ಮಿತ, ಕಾರ್ಯಾಗಾರದಿಂದ ಬಂದವನಿಗೆ ಮೇಲಿನ ತರಗತಿಯ ಗಣಿತ ಕಠಿಣವೆನಿಸುವುದೂ ನಿಜ.

ಪ್ರೌಢಶಿಕ್ಷಣಕ್ಕೂ ಕಸುಬಿಗೂ ನಂಟು ಬೆಳೆಯಬೇಕೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತ್ತು. ಕೌಶಲಗಳನ್ನು ಹಂತಗಳಲ್ಲಿ ಅಳೆಯುವ ರಾಷ್ಟ್ರೀಯ ಚೌಕಟ್ಟು 2013ರಲ್ಲಿ ಬಂದಿತು. ಓದನ್ನೂ ಕಸುಬನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುವ ಕ್ರೆಡಿಟ್ ಚೌಕಟ್ಟು 2023ರಲ್ಲಿ. ಕಾಗದದ ಮೇಲೆ ಸಮಾನತೆ ಮೂಡುತ್ತಿದೆ. ಊರಿನ ಕಟ್ಟೆಯ ಮೇಲಿನ ಮಾತು ಮಾತ್ರ ಇನ್ನೂ ಬದಲಾಗಿಲ್ಲ.

ರೈತರು ಕಾಗದವನ್ನು ಬಹಳ ಹೊತ್ತು ನೋಡಿದರು. “ದೊಡ್ಡವನಿಗೂ ಇದು ಆಗತಿತ್ತೇನ್ರೀ?”

“ಆಗತಿತ್ರಿ ಯಜಮಾನ್ರ. ಹೇಳದಿದ್ದದ್ದು ನನ್ನ ತಪ್ಪು. ಈಗೂ ಹೊತ್ತು ಮೀರಿಲ್ಲ, ಅವನನ್ನೂ ಕರಕೊಂಡು ಬರ್ರಿ.”

ಅಂದಿನಿಂದ ಆ ಉಪಾಧ್ಯಾಯರು ಫಲಿತಾಂಶಕ್ಕಾಗಿ ಕಾಯುವುದಿಲ್ಲ. ಪ್ರತಿವರ್ಷ ಹತ್ತನೆಯ ತರಗತಿಯ ಪೋಷಕರನ್ನು ಪರೀಕ್ಷೆಗೆ ಮೊದಲೇ ಕರೆದು ಅದೇ ಗೆರೆಗಳನ್ನು ಕರಿಹಲಗೆಯ ಮೇಲೆ ಎಳೆಯುತ್ತಾರೆ. ಪ್ರಮಾಣಪತ್ರವನ್ನು ಕೊಡುವುದು ಮಂಡಳಿಯ ಕಾರ್ಯ. ಅದು ಯಾವ ಯಾವ ಬಾಗಿಲನ್ನು ತೆರೆಯಬಲ್ಲುದೆಂದು ತಿಳಿಸುವುದು ಗುರುವಿನ ಹೊಣೆ.