ಮಂಚೇನಹಳ್ಳಿಯ ದಾರಿಯ ಆವರಿಕೆ

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ಮಾರ್ಗದಲ್ಲಿ ಮಂಚೇನಹಳ್ಳಿಯೆಂಬ ಊರಿರುವುದು. ಹಿಂದೆ ಗೌರಿಬಿದನೂರಿಗೆ ಸೇರಿದ್ದುದು ಈಗ ತಾನೇ ಒಂದು ತಾಲ್ಲೂಕಾಗಿದೆ. ಯಾತ್ರಿಕರು ನಂದಿಗೋ ವಿದುರಾಶ್ವತ್ಥಕ್ಕೋ ಹೋಗುವರಲ್ಲದೆ ಇಲ್ಲಿ ಇಳಿಯುವುದು ಅಪೂರ್ವ. ನಾವು ಇಳಿದುದು ಒಂದು ಗಿಡದ ಸಲುವಾಗಿ.

ನಮ್ಮೊಡನಿದ್ದ ಮಿತ್ರರು ಇಪ್ಪತ್ತು ವರ್ಷ ರೇಷ್ಮೆಯ ಸೀರೆಗಳ ಅಂಚು ಸೆರಗುಗಳಿಗೆ ನಮೂನೆ ಬರೆದು ಜೀವಿಸಿದವರು. ಚೌಕಳಿಯ ಕಾಗದದ ಮೇಲೆ ಎಳೆಯೆಳೆಗೂ ಲೆಕ್ಕವಿಟ್ಟು ಮಾವು, ಹಂಸ, ಬಳ್ಳಿಗಳನ್ನು ಮೂಡಿಸುವುದರಲ್ಲಿ ಅವರದು ಎತ್ತಿದ ಕೈ. ಈಗ ಅದನ್ನು ಬಿಟ್ಟು, ಗಿಡಗಳನ್ನು ಇದ್ದುದು ಇದ್ದಂತೆ ಚಿತ್ರಿಸುವೆನೆಂದು ಹಟ ತೊಟ್ಟಿದ್ದಾರೆ. ಮನೆಯವರಿಗೆ ಇದು ಸಮ್ಮತವಿಲ್ಲ. ಮಗಳ ಓದು ಇನ್ನೂ ಮುಗಿದಿಲ್ಲ. ದಾರಿಯಲ್ಲಿ ನಾಲ್ಕು ಬುದ್ಧಿಮಾತು ಹೇಳಬೇಕೆಂದೇ ನಮ್ಮನ್ನು ಜೊತೆಮಾಡಿ ಕಳುಹಿಸಿದ್ದರು.

ಊರಾಚೆ ಕೆಂಪುಮಣ್ಣಿನ ಹೊಲಗಳು, ಹಿಪ್ಪುನೇರಳೆಯ ತೋಟಗಳು, ದೂರದಲ್ಲಿ ಬೋಳುಗುಡ್ಡಗಳು. ಕಲ್ಲು ಹಾಸಿದ ಬದುವಿನಲ್ಲಿ ಆವರಿಕೆ ಹೊಂಬಣ್ಣವಾಗಿ ಅರಳಿತ್ತು. ಸೊಪ್ಪಿನ ಹೊರೆ ಹೊತ್ತು ಬಂದ ಮುದುಕಿಯೊಬ್ಬಳು ಅದನ್ನು ತೆಲುಗಿನಲ್ಲಿ ತಂಗೇಡು ಎಂದು ಕರೆದು, ಇದರಲ್ಲಿ ನೋಡುವುದೇನಿದೆ ಎಂಬಂತೆ ನಕ್ಕು ಮುಂದೆ ನಡೆದಳು. ಎರಡು ಭಾಷೆಗಳೂ ಒಂದೇ ಬಾಯಲ್ಲಿ ನೆಲಸಿದ ಸೀಮೆಯಿದು.

ಮಿತ್ರರು ಒಂದು ಘಂಟೆಯಲ್ಲಿ ಬರೆದ ಚಿತ್ರವು ಬಹು ಸೊಗಸಾಗಿತ್ತು, ಆದರೆ ಆವರಿಕೆಯಾಗಿರಲಿಲ್ಲ. ಹತ್ತು ಕೇಸರಗಳೂ ದಾಳಿಂಬೆಯ ಕಾಳಿನಂತೆ ಒಂದೇ ಸಮ. ಗಿಡದಲ್ಲಿಯಾದರೋ ಮೇಲಿನ ಮೂರು ಕುಗ್ಗಿ ಬಂಜೆಯಾಗಿವೆ, ಕೆಳಗಿನವು ಉದ್ದವಾಗಿ ಬಾಗಿವೆ. ಎಲೆಯಲ್ಲಿ ಕಿರಿಯೆಲೆಗಳು ಜೋಡಿಜೋಡಿಯಾಗಿಯೇ ಮುಗಿಯುವುವು. ಮಿತ್ರರು ತುದಿಗೊಂದು ಒಂಟಿಯೆಲೆಯನ್ನಿಟ್ಟಿದ್ದರು. ಅಂಚಿಗೆ ಮುಗಿತಾಯ ಬೇಕೆಂಬ ಹಳೆಯ ಅಭ್ಯಾಸ! ತೊಟ್ಟಿನ ಬುಡದಲ್ಲಿ ಕಿವಿಯಂತೆ ಅಗಲವಾಗಿ ನಿಂತ ಎಲೆಗಳನ್ನಂತೂ ಅವರು ಗಮನಿಸಿಯೇ ಇರಲಿಲ್ಲ. ಈ ಗಿಡದ ಶಾಸ್ತ್ರೀಯ ಹೆಸರಿನಲ್ಲಿರುವ ‘ಆರಿಕ್ಯುಲೇಟಾ’ ಎಂಬುದಕ್ಕೆ ಕಿವಿಯುಳ್ಳದ್ದೆಂದೇ ಅರ್ಥ. ಮಿತ್ರರು ಮಾತಿಲ್ಲದೆ ಹಾಳೆಯನ್ನು ಮಡಿಸಿಟ್ಟರು. ಬುದ್ಧಿ ಹೇಳಲು ಇದೇ ಸಮಯವೆಂದು ನಾವು ಬಾಯ್ದೆರೆದು, ಏಕೋ ವಾಲ್ಟರ್ ಹುಡ್ ಫಿಚ್ಚನ ಕಥೆಯನ್ನು ಹೇಳಿದೆವು.

ಈತನು 1817ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಚೀಟಿಬಟ್ಟೆ ಅಚ್ಚುಹಾಕುವ ಕಾರ್ಖಾನೆಯಲ್ಲಿ ನಮೂನೆ ಬರೆಯುವ ಶಿಷ್ಯನಾಗಿ ಸೇರಿದನು. ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ವಿಲಿಯಂ ಹೂಕರರು ಹುಡುಗನ ಕೈಚಳಕವನ್ನು ಕಂಡು, ಕಾರ್ಖಾನೆಯ ಕರಾರಿನಿಂದ ಬಿಡಿಸಿ, ತಮ್ಮ ಬಳಿ ಇಟ್ಟುಕೊಂಡರು. ಅವನ ಮೊದಲ ಚಿತ್ರವು 1834ರಲ್ಲಿ ಕರ್ಟಿಸನ ಸಸ್ಯಪತ್ರಿಕೆಯಲ್ಲಿ ಅಚ್ಚಾಯಿತು. 1841ರಲ್ಲಿ ಹೂಕರರು ಕ್ಯೂ ಉದ್ಯಾನದ ಅಧಿಕಾರಿಗಳಾದಾಗ ಫಿಚ್ಚನೂ ಜೊತೆಯಲ್ಲಿ ಹೋದನು. ಹೂಕರರ ಮಗ ಜೋಸೆಫರು ಸಿಕ್ಕಿಂ ಹಿಮಾಲಯದಲ್ಲಿ ಗೀಚಿ ತಂದ ರೋಡೊಡೆಂಡ್ರನ್ ಹೂಗಳನ್ನು ಕಲ್ಲಚ್ಚಿಗೆ ಇಳಿಸಿದವನೂ ಅವನೇ. ಅಚ್ಚಾದ ಅವನ ಚಿತ್ರಗಳು ಹತ್ತುಸಾವಿರದ ಸಮೀಪಕ್ಕೆ ಮುಟ್ಟಿದುವು. ಕೊನೆಗೆ 1877ರಲ್ಲಿ ಸಂಭಾವನೆಯ ವಿಷಯದಲ್ಲಿಯೇ ಜೋಸೆಫರೊಡನೆ ಮನಸ್ತಾಪವಾಗಿ, ನಲವತ್ತಕ್ಕೂ ಹೆಚ್ಚು ವರ್ಷ ದುಡಿದ ಪತ್ರಿಕೆಯನ್ನು ಬಿಟ್ಟನು. ಈ ಭಾಗವನ್ನು ನಾವು ಸ್ವಲ್ಪ ಒತ್ತಿಯೇ ಹೇಳಿದೆವೆಂಬುದನ್ನು ಒಪ್ಪುತ್ತೇವೆ.

“ಅವನ ಹೆಸರಾದರೂ ಉಳಿಯಿತಲ್ಲ,” ಎಂದರು ಮಿತ್ರರು. ಇದಕ್ಕೆ ನಾವು ಉತ್ತರ ಕಾಣದಾದೆವು. ನಮ್ಮ ನಾಡಿನಲ್ಲಿಯೇ 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಕ್ಲೆಗ್‌ಹಾರ್ನರು, ದಿನಕ್ಕೊಂದು ಗಿಡವನ್ನು ಕಾಲು ಘಂಟೆ ನೋಡಬೇಕೆಂಬ ಅದೇ ಹಿರಿಯ ಹೂಕರರ ಮಾತನ್ನು ನಡೆಸುತ್ತ, ಮರಾಠಿ ಚಿತ್ರಗಾರನೊಬ್ಬನಿಂದ ಗಿಡಗಳನ್ನು ಬರೆಯಿಸಿದರು. ಅವರು ಕೂಡಿಸಿದ ಚಿತ್ರಗಳು ಎಡಿನ್‌ಬರೋ ಉದ್ಯಾನದಲ್ಲಿ ಇಂದಿಗೂ ಭದ್ರವಾಗಿವೆ. ಆ ಮರಾಠಿಯವನನ್ನು ಲೋಕವು ಮರಾಠಿಯವನೆಂದಷ್ಟೇ ಬಲ್ಲದು. ಲಾಲ್‌ಬಾಗಿನ ಗಿಡಗಳನ್ನು ಬರೆದ ಚೆಲುವಯ್ಯರಾಜುಗಳ ಹೆಸರು ಉಳಿದಿದೆಯಾದರೂ, ಗಾಜಿನಮನೆಗೆ ಬರುವವರಲ್ಲಿ ಎಷ್ಟು ಮಂದಿ ಅದನ್ನು ಕೇಳಿದ್ದಾರು? ಇನ್ನು ಸೀರೆಯ ಅಂಚಿನ ಮೇಲೆ ನಮೂನೆಕಾರನ ಹೆಸರನ್ನು ಯಾರು ತಾನೇ ಓದಿದ್ದಾರೆ?

ಮಿತ್ರರು ಹೊಸ ಹಾಳೆಯನ್ನು ತೆಗೆದರು. ಈ ಸಲ ಕಾಲು ಘಂಟೆ ಸುಮ್ಮನೆ ನೋಡಿದ ಮೇಲೆಯೇ ಸೀಸದಕಡ್ಡಿಯನ್ನು ಹಿಡಿದರು. ಮೊದಲು ಕುಗ್ಗಿದ ಮೂರು ಕೇಸರಗಳು ಮೂಡಿದುವು, ಆಮೇಲೆ ಬಾಗಿದವು, ಹುಳು ತಿಂದ ಒಂದು ಎಸಳೂ ತನ್ನ ತೂತಿನೊಡನೆ ಬಂದಿತು. ಗುಡ್ಡದ ಕಡೆಯಿಂದ ಗಾಳಿ ಬೀಸತೊಡಗಿತು. ಊರಿಗೆ ಹಿಂದಿರುಗುವ ಬಸ್ಸು ಧೂಳೆಬ್ಬಿಸುತ್ತ ಹೊರಟುಹೋಗುವುದು ಕಾಣಿಸಿತು. ನಾವು ಕೂಗಲಿಲ್ಲ, ಕೊಂಬೆ ಅಲುಗದಂತೆ ಎರಡು ಕೈಗಳಿಂದಲೂ ಅದನ್ನು ಹಿಡಿದುಕೊಂಡಿದ್ದೆವು.